ಹಿತ್ತಲ ಕೋಣೆಗೆ ಎಳೆದ ಕೇಬಲ್

ಕಾದ ಇಸ್ತ್ರಿಪೆಟ್ಟಿಗೆಯನ್ನು ಗಂಡ ಬೆನ್ನಿಗೆ ಒತ್ತಿದ ದಿನವೇ ಅವಳು ಆ ಮನೆ ಬಿಟ್ಟಳು. ಉಟ್ಟ ಬಟ್ಟೆಯಲ್ಲಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ತಮ್ಮನ ಬಾಗಿಲಿಗೆ ಬಂದು ನಿಂತಳು. ತಮ್ಮ ಒಳ್ಳೆಯವನೇ, ಆದರೆ ಯಾರ ಎದುರೂ ಗಟ್ಟಿಯಾಗಿ ಮಾತಾಡದ ಪುಕ್ಕಲ. ಹಿತ್ತಲಲ್ಲಿ ಮುರುಕಲು ಸಾಮಾನು ತುಂಬಿದ್ದ ಕೋಣೆಯನ್ನು ಅಕ್ಕನಿಗೆ ಖಾಲಿ ಮಾಡಿಕೊಟ್ಟ. ಅವನ ಹೆಂಡತಿ ಮಾತ್ರ ಮುಖ ಗಂಟಿಕ್ಕಿಕೊಂಡೇ ಓಡಾಡಿದಳು.

ಡಾಕ್ಟರುಗಳು ಧ್ವನಿಮುದ್ರಿಸಿ ಕಳಿಸಿದ್ದನ್ನು ಕೇಳಿಸಿಕೊಂಡು ರೋಗಿಗಳ ವರದಿ ಟೈಪ್ ಮಾಡುವುದು ಅವಳ ಕೆಲಸ. ಕೀಲಿಗಳ ಸದ್ದು ಕೇಳಿ ಕೇಳಿ ತಮ್ಮನ ಹೆಂಡತಿ ಅವಳಿಗೆ ‘ಟಕಟಕ’ ಎಂದು ಹೆಸರಿಟ್ಟಿದ್ದಳು. ಮೆಟ್ಟಿಲಿಂದ ಜಾರಿ ಬಿದ್ದು ಪೆಟ್ಟು ಮಾಡಿಕೊಂಡ ಹೆಂಗಸರ ವರದಿಗಳು ಬಂದಾಗ ಟಕಟಕಳ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಅವಳೂ ಎಷ್ಟೋ ಸಲ ಆಸ್ಪತ್ರೆಯಲ್ಲಿ ಅದನ್ನೇ ಹೇಳಿದವಳು. ಅವಳ ಗಂಡನ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ.

ಮುಂಭಾಗದಲ್ಲಿದ್ದ ತಮ್ಮನ ಮನೆಯ ಇಂಟರ್ನೆಟ್ಟು ದಪ್ಪ ಗೋಡೆಗಳನ್ನು ದಾಟಿ ಹಿತ್ತಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅರ್ಧ ವರದಿ ಹೋಗುವುದು, ಅರ್ಧ ನಿಲ್ಲುವುದು. ಕೊನೆಗೆ ಅವಳು ಬಿಸಿಲು ಮಳೆಗೆ ಜಗ್ಗದ ಕಪ್ಪು ಕೇಬಲ್ ತಂದು, ಅಡುಗೆಮನೆಯ ಕಿಟಕಿ ಚೌಕಟ್ಟಿಗೆ ತೂತು ಕೊರೆದು, ಗೋಡೆಯ ಹೊರಮೈಗುಂಟ ತಾನೇ ಎಳೆಯಲು ನಿಂತಳು.

“ಇಡೀ ಮನೆಯಲ್ಲಿ ನನ್ನ ಕಿಟಕೀನೇ ಬೇಕಿತ್ತಾ ನಿಮಗೆ?” ತಮ್ಮನ ಹೆಂಡತಿ ಒಳಗಿಂದ ಕೇಳಿದಳು.

“ಕರೆಂಟಿನ ತಂತಿ ಆ ಕಡೆ ಇದೆಯಲ್ಲಮ್ಮ. ಅದರ ಪಕ್ಕದಲ್ಲಿ ಇದನ್ನ ಎಳೀಬಾರದು.”

“ಇನ್ನು ಆ ತೂತಿಂದ ಇರುವೆಗಳೂ ಬಂದು ಸಂಸಾರ ಹೂಡ್ತವೆ ಬಿಡಿ.”

ಟಕಟಕ ಏಣಿಯ ಮೇಲೆ ನಿಂತು, ಸೂರಿನ ಕೆಳಗೆ ಕೇಬಲ್ಲಿಗೆ ಕ್ಲಿಪ್ ಹೊಡೆಯುತ್ತಿದ್ದಳು. ತಮ್ಮ ಕೆಲಸಕ್ಕೆ ಹೋಗಿದ್ದ. ಪಕ್ಕದ ಓಣಿಯ ಗೇಟು ಕಿರುಗುಟ್ಟಿದ್ದು ಸುತ್ತಿಗೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕಾಲ ಕೆಳಗಿನ ಏಣಿ ಸರಕ್ಕನೆ ಜಾರಿತು. ಅಂಗಾತ ಬಿದ್ದವಳಿಗೆ ಮೊದಲು ಕಂಡದ್ದು ಗಂಡನ ಚಪ್ಪಲಿ. ಅದು ಅವಳ ಪಕ್ಕೆಗೆ ಬಂದು ಬಡಿಯಿತು.

“ಸಂಪಾದನೆ ಮಾಡ್ತೀಯಾ? ಮಾಡು, ನೋಡ್ತೀನಿ.”

ಅವನು ಕೇಬಲ್ಲಿಗೆ ಕೈಹಾಕಿ ಜಗ್ಗಿದ. ಕ್ಲಿಪ್ಪುಗಳು ಗಾರೆಯ ಸಮೇತ ಪಟಪಟನೆ ಕಿತ್ತುಬಂದವು. ಏಳಲು ಹೋದವಳ ಕುತ್ತಿಗೆಗೆ ಅದನ್ನೇ ಸುತ್ತಿ, ಬೆನ್ನಿಗೆ ಮೊಣಕಾಲು ಊರಿ ಬಿಗಿದ. ಸುಟ್ಟ ಗಾಯ ಒಡೆಯಿತು. ಕಪ್ಪು ಕೇಬಲ್ ಕುತ್ತಿಗೆಯ ಚರ್ಮದೊಳಕ್ಕೆ ಹೂತುಹೋಯಿತು. ಅವಳು ಕೂಗಲು ಬಾಯಿ ತೆರೆದರೆ ಹೊರಬಂದದ್ದು ಜೊಲ್ಲು ಮಾತ್ರ.

ಬಿಗಿತ ಒಮ್ಮೆಲೇ ಸಡಿಲವಾಯಿತು. ತಮ್ಮನ ಹೆಂಡತಿ ಒಲೆಯ ಮೇಲಿದ್ದ ಕಬ್ಬಿಣದ ಬಾಣಲೆಯನ್ನು ಬಿಸಿಯಾಗಿದ್ದ ಹಾಗೇ ತಂದು ಅವನ ಕಿವಿಯ ಮೇಲೆ ಬಾರಿಸಿದ್ದಳು. ಅವನು ತೂರಾಡುತ್ತ ಎದ್ದು ಅವಳ ಬಾಯಿಗೆ ಗುದ್ದಿದ. ಅವಳು ಗೋಡೆಗೆ ಅಪ್ಪಳಿಸಿ ಕುಸಿದಳು. ತುಟಿ ಸೀಳಿ ಗಲ್ಲದುದ್ದಕ್ಕೂ ರಕ್ತ ಇಳಿಯಿತು.

ಅಷ್ಟರಲ್ಲಿ ಟಕಟಕಳ ಕೈಗೆ ಸುತ್ತಿಗೆ ಸಿಕ್ಕಿತ್ತು. ಮೊದಲ ಏಟು ಅವನ ಮಂಡಿಗೆ. ಅವನು ಬಿದ್ದ ಮೇಲೆ ನೆಲಕ್ಕೂರಿದ ಬಲಗೈಗೆ. ಬೆರಳುಗಳು ಮುರಿದ ಸದ್ದು ಕೇಳಿಸಿತು, ಅವಳು ನಿಲ್ಲಿಸಲಿಲ್ಲ. ಅವನು ಅಂಗಲಾಚಿದ, ಅವಳನ್ನು ಹೆಸರು ಹಿಡಿದು ಕರೆದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ತನ್ನ ಹೆಸರು ಅಷ್ಟು ಮೆತ್ತಗೆ ಬಂದದ್ದನ್ನು ಅವಳು ಕೇಳಿರಲಿಲ್ಲ. ಆಗಲೂ ಹೊಡೆದಳು. ಸುತ್ತಿಗೆಯನ್ನು ಅವನ ತಲೆಯ ಮೇಲಕ್ಕೆ ಎತ್ತಿದಾಗ ತಮ್ಮನ ಹೆಂಡತಿ ಹಿಂದಿನಿಂದ ತಬ್ಬಿ ಹಿಡಿದಳು.

“ಸಾಕು ಅಕ್ಕ. ಇವನು ಸತ್ತರೆ ಜೈಲಿಗೆ ಹೋಗೋರು ನೀವು.”

ಅವಳು ‘ಅಕ್ಕ’ ಎಂದದ್ದು ಅದೇ ಮೊದಲು.

ಪೊಲೀಸರು ಅವನನ್ನು ಆಸ್ಪತ್ರೆಗೆ ಒಯ್ದರು. ಸಂಜೆ ತಮ್ಮ ತಲೆ ತಗ್ಗಿಸಿಕೊಂಡು ಬಂದ. “ಗಂಡ ಹೆಂಡತಿ ಜಗಳ ಕೋರ್ಟಿಗೆ ಹೋದರೆ ಚೆನ್ನಾಗಿರಲ್ಲ. ಭಾವನ ಅಣ್ಣ ಫೋನ್ ಮಾಡಿದ್ದ, ರಾಜಿ ಆಗೋಣ ಅಂತಾನೆ.”

ಹೊಲಿಗೆ ಹಾಕಿದ ತುಟಿಯಲ್ಲೇ ಅವನ ಹೆಂಡತಿ ಹೇಳಿದಳು: “ನನ್ನ ಹಲ್ಲು ಎರಡು ಹೋಗಿವೆ. ಅದನ್ನೂ ರಾಜಿಯಲ್ಲಿ ಕೊಡಿಸ್ತೀರಾ?” ತಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಇಬ್ಬರೂ ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಟಕಟಕ ಸುತ್ತಿಗೆ ಎತ್ತಿದ್ದು ಜೀವ ಉಳಿಸಿಕೊಳ್ಳಲು ಎಂದು ಕೋರ್ಟು ಒಪ್ಪಿತು, ಗಂಡನಿಗೆ ಜೈಲಾಯಿತು. ಅವನ ಬಲಗೈ ಮುಷ್ಟಿ ಕಟ್ಟಲು ಬಾರದ ಹಾಗೆ ಆಯಿತೆಂದು ಯಾರೋ ತಿಳಿಸಿದಾಗ ಟಕಟಕಳಿಗೆ ಸಮಾಧಾನವಾಯಿತು. ತಡೆಯುವವರಿಲ್ಲದಿದ್ದರೆ ತಾನು ಕೊಂದೇಬಿಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಆ ತಿಳಿವು ಅವನಿಗಿಂತ ಹೆಚ್ಚು ಅವಳನ್ನು ಹೆದರಿಸುತ್ತಿತ್ತು. ಕೇಬಲ್ ಬಿಗಿದಿದ್ದ ಗಂಟಲಿನ ಧ್ವನಿ ಮೊದಲಿನಂತಾಗಲಿಲ್ಲ, ಒಡಕಾಗಿಯೇ ಉಳಿಯಿತು.

ಕುತ್ತಿಗೆಗೆ ಸುತ್ತಿದ್ದ ಕೇಬಲ್ಲನ್ನು ಪೊಲೀಸರು ಸಾಕ್ಷಿಗೆಂದು ಒಯ್ದಿದ್ದರು. ಹೊಸದನ್ನು ಈ ಸಲ ಪೈಪಿನೊಳಗೆ ತೂರಿಸಿ ನೆಲದಡಿಯಲ್ಲಿ ಹಾಕುವುದೆಂದು ಇಬ್ಬರು ಹೆಂಗಸರೂ ನಿಶ್ಚಯಿಸಿದರು. ಒಬ್ಬಳು ಗುದ್ದಲಿ ಹಿಡಿದರೆ ಇನ್ನೊಬ್ಬಳು ಮಣ್ಣು ಎತ್ತಿದಳು.

“ಇನ್ನೂ ಆಳ ಬೇಕಾ ಅಕ್ಕ?”

“ಇನ್ನೊಂದು ಸ್ವಲ್ಪ. ಗಿಡ ನೆಡೋಕೆ ಅಗೆದರೂ ತಾಗಬಾರದು.”

ತಮ್ಮ ಕೆಲಸದಿಂದ ಬಂದು ನೋಡುತ್ತ ನಿಂತ. ಆಮೇಲೆ ಷೂ ಕಳಚಿಟ್ಟು, ಪೈಪಿನ ಇನ್ನೊಂದು ತುದಿ ಹಿಡಿದುಕೊಂಡ. ಹೆಂಗಸರಿಬ್ಬರೂ ಅಗೆಯುತ್ತಲೇ ಇದ್ದರು.