ಗೊರಕವ್ವನ ನ್ಯಾಯ

ನಾವು ರಾಕ್ಷಸರನ್ನು ಬರೆಯುತ್ತಿದ್ದದ್ದು ಮದುವೆ ಪತ್ರಿಕೆಗಳ ಹಿಂಬದಿಯಲ್ಲಿ. ಆಳಂದದಲ್ಲಿ ನಮ್ಮಪ್ಪನದು ರೈತರ ತೊಗರಿಯನ್ನು ಕಮಿಷನ್ನಿಗೆ ಮಾರಿಸಿಕೊಡುವ ಅಡತಿ ಅಂಗಡಿ. ಮಾಲು ತರುವ ರೈತರು ತಮ್ಮ ಮನೆಯ ಮದುವೆಗೆ ಅಪ್ಪನನ್ನು ಕರೆಯದೆ ಇರುತ್ತಿರಲಿಲ್ಲ. ಮಟಕಿ, ಭೂಸನೂರ, ಇನ್ನೂ ಎಲ್ಲೆಲ್ಲಿಂದಲೋ ಅರಿಷಿಣ ಹಚ್ಚಿದ ಪತ್ರಿಕೆಗಳು ಬೇಸಿಗೆ ತುಂಬ ಬಂದು ಬೀಳುತ್ತಿದ್ದವು. ಮದುವೆ ಮುಗಿದ ಪತ್ರಿಕೆಗಳನ್ನೆಲ್ಲ ನಾವು ಕತ್ತರಿಸಿ ಕೋರೆಹಲ್ಲು, ಕೊಂಬು, ಕೆಂಪು ನಾಲಗೆ ಬರೆದು ಹಾಳು ಮಾಡುತ್ತಿದ್ದೆವು.

"ಲಗ್ನಪತ್ರಿಕಿ ಹಿಂದ ರಾಕ್ಷಸರನ್ನ ತೆಗೀತೀರಲ್ಲಬೇ, ಆ ಹುಡುಗ್ಯಾರ ಸಂಸಾರ ಏನಾಗಬೇಕು?" ಎಂದು ಅವ್ವ ಬೈಯುತ್ತಿದ್ದಳು. ಬೈದು, ಹೊಸ ಪತ್ರಿಕೆ ಬಂದರೆ ತಾನೇ ತಂದುಕೊಡುತ್ತಿದ್ದಳು.

ಆಡುತ್ತಿದ್ದವರು ಮೂವರು. ನಾನು, ಕಾಕಾನ ಮಗ, ಮತ್ತು ನನ್ನ ಗೆಳತಿ. ಗೆಳತಿಯ ಅಪ್ಪ ನಮ್ಮ ಅಂಗಡಿಯಲ್ಲೇ ತೂಕ ಮಾಡುತ್ತಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾವಿಬ್ಬರು ಹುಡುಗಿಯರು ಆರನೆಯ ತರಗತಿ ಮುಗಿಸಿದ್ದೆವು. ಕಾಕಾನ ಮಗ ನಮಗಿಂತ ಒಂದು ವರ್ಷಕ್ಕೆ ದೊಡ್ಡವನು, ಅದನ್ನು ದಿನಾ ನೆನಪಿಸುತ್ತಿದ್ದ. ಬಿಸಿಲಿಗೆ ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಗೋಣಿಚೀಲಗಳ ಮೇಲೆ ನಮ್ಮ ಯುದ್ಧ ನಡೆಯುತ್ತಿತ್ತು.

ಯುದ್ಧದ ಪದ್ಧತಿಯನ್ನು ಅಂಗಡಿಯಿಂದಲೇ ಕದ್ದಿದ್ದೆವು. ಆಗ ವ್ಯಾಪಾರಿಗಳು ಬಾಯಿಬಿಟ್ಟು ದರ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಹೇಳುತ್ತಿದ್ದರು. ನಮ್ಮಲ್ಲೂ ಹಾಗೆಯೇ. ಕಾಕಾನ ಮಗ ಪಂಚ. ಅಪ್ಪನ ಹಳೆಯ ಟವೆಲ್ಲಿನ ಕೆಳಗೆ ಅವನು ಎರಡೂ ಕೈ ಇಟ್ಟುಕೊಂಡು ಕೂರುವವನು. ನಾವಿಬ್ಬರೂ ಕೈ ಒಳಗೆ ಹಾಕಿ ಅವನ ಬೆರಳು ಒತ್ತಬೇಕು. ಒಂದು ಬೆರಳೆಂದರೆ ನಮ್ಮ ರಾಕ್ಷಸ ಹೊಡೆಯುತ್ತಾನೆ, ಎರಡೆಂದರೆ ಹೊಡೆತ ತಡೆಯುತ್ತಾನೆ, ಮೂರೆಂದರೆ ತನ್ನ ಮಾಯೆ ತೋರಿಸುತ್ತಾನೆ. ಒಬ್ಬರು ಏನು ಒತ್ತಿದರೆಂದು ಇನ್ನೊಬ್ಬರಿಗೆ ತಿಳಿಯದು. ಪಂಚ ಕಣ್ಣು ಮುಚ್ಚಿ, ದೊಡ್ಡ ವ್ಯಾಪಾರಿಯ ಗತ್ತಿನಲ್ಲಿ ಎರಡನ್ನೂ ಕೂಗಿ ಹೇಳುತ್ತಿದ್ದ. ಯಾರ ರಾಕ್ಷಸ ಮೂರು ಪೆಟ್ಟು ತಿನ್ನುತ್ತಾನೋ ಅವನು ಸತ್ತ. ಒಬ್ಬರ ಮಾಯೆಯನ್ನು ಇನ್ನೊಬ್ಬರು ನಕಲು ಮಾಡುವಂತಿಲ್ಲ, ಅದು ಅವಮಾನದ ವಿಷಯ.

ಗೆಳತಿಯ ಕೈಯಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಅವಳ ಹೊಗೆಬಾಯಿ ರಾಕ್ಷಸನ ಒಂದೊಂದು ಹಲ್ಲೂ ಬೇರೆ. ನನಗೆ ಚಿತ್ರ ಬರುತ್ತಿರಲಿಲ್ಲ, ತಲೆ ಓಡುತ್ತಿತ್ತು. ಒಂದು ಮಧ್ಯಾಹ್ನ ಹೊಟ್ಟೆ ಮೇಲೆ ಕೈಯಿಟ್ಟು ಮಲಗಿದ ದಪ್ಪ ರಾಕ್ಷಸಿಯೊಬ್ಬಳನ್ನು ಗೀಚಿದೆ. ಹೆಸರು ಗೊರಕವ್ವ. ಅವಳ ಗೊರಕೆ ಕೇಳಿದ ಎದುರಾಳಿ ನಿದ್ದೆ ಹೋಗಬೇಕು, ಮುಂದಿನ ಎರಡು ಸರದಿ ಟವೆಲ್ಲಿನೊಳಗೆ ಕೈ ಹಾಕುವಂತಿಲ್ಲ. ಕೇಳುವಾಗ ಎಲ್ಲರೂ ನಕ್ಕರು. ಆಡುವಾಗ ಗೊತ್ತಾಯಿತು. ನಾನು ಗೊರಕೆ ಹೊಡೆಸುತ್ತೇನೆ, ಅವಳು ಮಲಗುತ್ತಾಳೆ. ಒಂದು ಪೆಟ್ಟು ಹಾಕುತ್ತೇನೆ. ಅವಳು ಏಳುವ ಮೊದಲೇ ಮತ್ತೆ ಗೊರಕೆ. ಮತ್ತೆ ಪೆಟ್ಟು, ಮತ್ತೆ ಗೊರಕೆ. ತಡೆಯುವುದಕ್ಕೂ ಬರುವುದಿಲ್ಲ, ಯಾಕೆಂದರೆ ಮಾಯೆಗೆ ತಡೆ ಇಲ್ಲ. ಆ ಬೇಸಿಗೆ ಸೂಟಿಯಲ್ಲಿ ಆಮೇಲೆ ನನ್ನನ್ನು ಯಾರೂ ಸೋಲಿಸಲಿಲ್ಲ.

ಗೆಳತಿ ಮೊದಮೊದಲು ನಗುತ್ತಿದ್ದಳು. ಆಮೇಲೆ ಕೈಕಟ್ಟಿ ಕೂರತೊಡಗಿದಳು. ಒಂದು ದಿನ ಟವೆಲ್ ಎಳೆದು ಬದಿಗಿಟ್ಟಳು.

"ಗೊರಕವ್ವಂದು ಒಂದ್ ಆಟಕ್ಕ ಒಂದೇ ಸಲ ಅಂತ ಮಾಡೋಣು."

"ಯಾಕ? ಸೋಲಾಕತ್ತೀದಿ ಅಂತೇನು?"

"ಸೋತ್ರ ಸೋಲ್ತೇನಿ. ಆದ್ರ ಸೋಲಾಕಾದ್ರೂ ನಾನು ಆಡಬೇಕಲಾ? ನೀನೊಬ್ಬಾಕೀನೇ ಆಡಾಕತ್ತೀದಿ, ನಾನು ಸುಮ್ಮ ನೋಡ್ಕೋತ ಕುಂದರತೇನಿ."

ನಾನು ವಾದಕ್ಕೆ ಬಿದ್ದರೆ ಬಿಡುವವಳಲ್ಲ. ಹೊಗೆಬಾಯಿಯ ಮಾಯೆಗೆ ಇಷ್ಟೇ ಸಲ ಎಂದು ಲೆಕ್ಕ ಹಾಕಿದ್ದೇವೆಯೆ, ಗೊರಕವ್ವನಿಗೆ ಮಾತ್ರ ಯಾಕೆ ಎಂದೆ. ನಿದ್ದೆಗೆಡಿಸುವ ರಾಕ್ಷಸನೊಬ್ಬನನ್ನು ನೀನೇ ಬರಿ ಎಂದೆ. ನಿದ್ದೆಯ ವಿಷಯ ತೆಗೆದರೆ ನಕಲು ಎಂದು ನೀನೇ ಕೂಗುತ್ತೀ ಎಂದು ಅವಳು. ಕಾಕಾನ ಮಗ ಒಮ್ಮೆ ಅವಳ ಕಡೆ, ಒಮ್ಮೆ ನನ್ನ ಕಡೆ. ವಾದ ಎರಡು ದಿನ ಹೀಗೇ ಎಳೆಯಿತು. ನಿಜ ಹೇಳಬೇಕೆಂದರೆ ಗೆಲ್ಲುವುದಕ್ಕಿಂತ ಈ ವಾದವೇ ನನಗೆ ರುಚಿಸುತ್ತಿತ್ತು. ಇನ್ನೊಂದು ದಿನ ಜಗ್ಗಿ ಒಪ್ಪಿಕೊಳ್ಳೋಣವೆಂದು ಒಳಗೊಳಗೇ ಇತ್ತು. ಅಷ್ಟರಲ್ಲಿ ಕಾಕಾನ ಮಗ ಬೇಸತ್ತು, "ನಡ್ರಿ, ದೊಡ್ಡಪ್ಪನ ಮುಂದ ಹೇಳೋಣು" ಎಂದುಬಿಟ್ಟ.

ಅಪ್ಪನ ಮುಂದೆ ಹೇಳುವುದೆಂದರೆ ಆಟದ ಮಾತಲ್ಲ. ತೂಕದ ಜಗಳ, ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲ ಬರುತ್ತಿದ್ದದ್ದು ಅವನ ಗಾದಿಯ ಮುಂದೆ. ಎರಡೂ ಕಡೆಯವರ ಮಾತು ಪೂರ್ತಿ ಕೇಳುವವರೆಗೆ ಅಪ್ಪ ಎಲೆಯಡಿಕೆ ಮುಟ್ಟುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸಾವಕಾಶದ ಮಾತು. ಅವನು ಹೇಳಿದ್ದನ್ನು ದಾಟಿದವರನ್ನು ನಾನು ಕಂಡಿರಲಿಲ್ಲ. ಶಾಲೆಯಲ್ಲಿ ಯಾರಾದರೂ ನ್ಯಾಯ ಎಂಬ ಪದ ಹೇಳಿದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಅಪ್ಪನ ಮುಖವೇ.

ಅಂದು ಅಂಗಡಿಯಲ್ಲಿ ನಾಲ್ಕೈದು ಜನ ರೈತರು ಕೂತಿದ್ದರು. ಗೆಳತಿಯ ಅಪ್ಪ ತಕ್ಕಡಿಯ ಹತ್ತಿರ ಇದ್ದರು. ನಾವು ಮೂವರೂ ಸಾಲಾಗಿ ನಿಂತದ್ದನ್ನು ನೋಡಿ ಅಪ್ಪನಿಗೆ ಖುಷಿಯಾಯಿತು. ದೊಡ್ಡವರ ತಕರಾರಿನಷ್ಟೇ ಗಂಭೀರವಾಗಿ, "ಹಂ, ಹೇಳ್ರಿ" ಎಂದ. ಕಾಕಾನ ಮಗ ಆಟ ವಿವರಿಸಿದ. ಗಡಿಬಿಡಿಯಲ್ಲಿ ಗೊರಕವ್ವ ಯಾರವಳು ಎಂದು ಹೇಳುವುದನ್ನು ಮರೆತ. ಆಮೇಲೆ ಗೆಳತಿ ಒಂದು ಹೆಜ್ಜೆ ಮುಂದೆ ಬಂದಳು.

"ಸಾವ್ಕಾರ್ರೀ, ನಿಮ್ಮ ಅಂಗಡ್ಯಾಗ ಒಬ್ಬರ ಕೈ ಟವೆಲ್ ಒಳಗ ಇದ್ದು ಇನ್ನೊಬ್ಬರ ಕೈ ಹೊರಗ ಇದ್ರ ಯಾಪಾರ ಹ್ಯಾಂಗ ಆಗ್ತದ್ರಿ? ಇಬ್ಬರ ಕೈನೂ ಒಳಗ ಇರಬೇಕಲ್ರಿ?"

ಅಪ್ಪ ತೊಡೆ ತಟ್ಟಿ ನಕ್ಕ. ರೈತರೂ ನಕ್ಕರು. "ಶಾಣ್ಯಾಕಿ ಅದಾಳಲ್ಲೋ ನಿನ್ನ ಮಗಳು!" ಎಂದು ತಕ್ಕಡಿಯ ಕಡೆ ನೋಡಿದ. "ಖರೆ ಅದ. ಒಬ್ಬರೇ ಬೆರಳು ಒತ್ತಿದ್ರ ಅದು ಯಾಪಾರ ಅಲ್ಲ. ಒಂದ್ ಆಟಕ್ಕ ಒಂದೇ ಸಲ ಅಂತ ಮಾಡ್ರಿ, ಮುಗೀತು."

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದೆ ಹಗುರಾಯಿತು. ಸೋತೆನಲ್ಲ ಎಂದು ಮುಖ ಸಣ್ಣದಾಗಿದ್ದಿರಬಹುದು, ಅಷ್ಟೇ. ಆ ಮುಖವನ್ನು ಅಪ್ಪ ನೋಡಿದ.

"ಆ ಗೊರಕವ್ವ ಯಾರಾಕಿ?" ಎಂದು ಕೇಳಿದ.

"ನನ್ನಾಕಿ," ಎಂದೆ.

ಅಪ್ಪ ಎಲೆಯಡಿಕೆಯ ತಟ್ಟೆಯನ್ನು ಎಳೆದುಕೊಂಡ. ಎಲೆ ಒರೆಸಿದ, ಸುಣ್ಣ ಹಚ್ಚಿದ. "ಹಂಗಂದ್ರ ಇನ್ನೊಂದು ಮಾತದ," ಎಂದ. "ಆಟ ಚಾಲೂ ಮಾಡುವಾಗ ಹಿಂಗ ಮಾಡಬಾರದು ಅಂತ ಮಾತಾಗಿತ್ತೇನು? ಆಗಿಲ್ಲ. ಮಾತಾಗಿಲ್ಲಂದ್ರ ತಪ್ಪಿಲ್ಲ. ಒಬ್ಬಾಕಿ ತಲಿ ಓಡಿಸಿ ಗೆದ್ರ ಆಕಿ ಕೈ ಕಟ್ಟೂದು ನ್ಯಾಯ ಅಲ್ಲವ್ವ. ಆಕಿನ್ನ ಸೋಲಸೂ ಹಂಚಿಕಿ ನೀವು ಹುಡುಕ್ರಿ. ಗೊರಕವ್ವ ಹ್ಯಾಂಗದಾಳ ಹಂಗೇ ಇರ್ಲಿ."

ಈ ಮಾತನ್ನೇ ಅಪ್ಪ ಮೊದಲು ಹೇಳಿದ್ದರೆ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಎರಡು ದಿನದಿಂದ ನಾನು ವಾದಿಸುತ್ತಿದ್ದದ್ದೂ ಸುಮಾರು ಇದನ್ನೇ. ತರ್ಕದಲ್ಲಿ ಹುಳುಕು ಹುಡುಕಿದರೆ ಇವತ್ತಿಗೂ ಪೂರ್ತಿ ಸಿಗುವುದಿಲ್ಲ. ಆದರೆ ಆ ಮಾತು ಬಂದದ್ದು ಗೊರಕವ್ವ ಯಾರವಳೆಂದು ತಿಳಿದ ಮೇಲೆ. ರೈತರಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು, ನಗಲಿಲ್ಲ. ಮತ್ತೊಬ್ಬರು ಹೊರಗಿನ ಎತ್ತುಗಳ ಕಡೆ ತಿರುಗಿದರು. ತಮ್ಮ ತೊಗರಿಯ ತೂಕ, ತಮ್ಮ ಬದುವು ಅವರಿಗೆ ನೆನಪಾಗಿರಬೇಕು. ಅಪ್ಪನಿಗೆ ನಾಚಿಕೆಯಾಗಲಿಲ್ಲ, ಅವನು ನೆಮ್ಮದಿಯಾಗಿ ಎಲೆ ಅಗಿಯುತ್ತಿದ್ದ. ಅವನಿಗಾಗಬೇಕಿದ್ದ ನಾಚಿಕೆಯೂ ನನಗೇ ಆಯಿತು. ನಾನು ಅಷ್ಟು ಪ್ರೀತಿಸುವ ಮನುಷ್ಯ ಎಲ್ಲರ ಎದುರು ಸಣ್ಣವನಾಗಿದ್ದ, ಅದೂ ನನ್ನ ಸಲುವಾಗಿ.

"ಸಾವ್ಕಾರ್ರು ಹೇಳಿದ್ದು ಬರೋಬರಿ ಅದ," ಎಂದರು ಗೆಳತಿಯ ಅಪ್ಪ. ಮಗಳ ಕಡೆ ಕಣ್ಣು ಕೆಂಪಗೆ ಮಾಡಿ, "ನಡಿ ಮನಿಗಿ," ಎಂದರು. ಅವಳು ಅಳಲಿಲ್ಲ. ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಂತಿತ್ತು. ವಾದದಲ್ಲಿ ಯಾರಿಗೂ ಬಗ್ಗದ ನಾನು ಕಾಕಾನ ಮಗನ ಹಿಂದೆ ಸರಿದೆ.

ರಾತ್ರಿಯೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ, ಉಂಡು ಮಲಗಿದೆ. ಆದರೆ ಬೆಳಗ್ಗೆ ಎದ್ದ ಕೂಡಲೇ ಅವಳ ಮನೆಗೆ ಹೋಗುವುದೆಂದು ನಿಶ್ಚಯಿಸಿದೆ. ಗೊರಕವ್ವನನ್ನು ಅವಳ ಕೈಗೇ ಕೊಡುವುದು, ಒಂದೇ ಸಲ ಆಡೋಣು ಎನ್ನುವುದು. ಪತ್ರಿಕೆಯ ತುಂಡನ್ನು ಲಂಗದ ಜೇಬಿನಲ್ಲಿಟ್ಟುಕೊಂಡು ಬಾಗಿಲು ತೆರೆದರೆ, ಅವರೇ ನಮ್ಮ ಕಟ್ಟೆಯ ಕೆಳಗೆ ನಿಂತಿದ್ದರು. ಅವಳ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವಳಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿ, ಶಾಲೆಗೆ ಕಳಿಸುವ ಹಾಗೆ ತಯಾರು ಮಾಡಿದ್ದರು. ಅಪ್ಪ ಹಲ್ಲುಜ್ಜುತ್ತ ನನ್ನ ಹಿಂದೆ ಬಂದು ನಿಂತ.

"ಸಣ್ಣ ಹುಡುಗಿರಿ, ಬುದ್ಧಿ ಇಲ್ಲ," ಎಂದರು ಅವರು. "ಮಂದಿ ಮುಂದ ಅಂಗಡಿ ಮಾತು ತೆಗದಾಳ. ಹೊಟ್ಟ್ಯಾಗ ಹಾಕ್ಕೋರಿ." ಮಗಳ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದರು. "ತಪ್ಪಾತು ಅನ್ನು."

ಅವಳು ನನ್ನ ಅಪ್ಪನಿಗೆ ಹೇಳಿದಳು. "ಈಕಿಗೂ ಅನ್ನು," ಎಂದರು ಅವರು. ಅವಳು ನನಗೂ ಹೇಳಿದಳು. ನನ್ನ ಕೈ ಜೇಬಿನೊಳಗೆ ಗೊರಕವ್ವನ ಮೇಲೇ ಇತ್ತು. ತಪ್ಪು ನಿಂದಲ್ಲ, ನೀ ಹೇಳಿದ್ದೇ ಖರೆ ಎನ್ನಬೇಕಿತ್ತು. ಬಾಯಿ ತೆರೆದೆ. ಜಗಳ ಬಗೆಹರಿದ ಮೇಲೆ ಸೋತವರು ಕೈಮುಗಿದಾಗ ಅಪ್ಪ ಗಾದಿಯ ಮೇಲೆ ಕೂತು ಹೇಳುತ್ತಿದ್ದ ಮಾತೇ, ಅವನ ಅದೇ ಸಾವಕಾಶದ ದನಿಯಲ್ಲೇ ಹೊರಬಂತು.

"ಇರ್ಲಿ ಬಿಡು," ಎಂದೆ.

ಅವಳ ಅಪ್ಪನ ಮುಖ ಅರಳಿತು. "ನೋಡು, ಎಷ್ಟು ದೊಡ್ಡ ಮನಸು," ಎಂದು ಮಗಳಿಗೆ ಹೇಳಿ, ನನಗೆ ಕೈಮುಗಿದರು.