ಹಿರಿಯರಿಲ್ಲದ ಮನೆಯ ಮೊದಲ ಕ್ರಿಸ್‌ಮಸ್

ಮಗಳ ಮೊದಲ ಕ್ರಿಸ್‌ಮಸ್‌ಗೆ ಇನ್ನೂ ತಿಂಗಳಿರುವಾಗಲೇ ನನಗೆ ತಳಮಳ ಶುರುವಾಗಿತ್ತು. ಹಬ್ಬವೆಂದರೆ ಏನೆಂದು ಗೊತ್ತಿತ್ತು, ಮನೆಯಲ್ಲಿ ಹಬ್ಬ ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ನಾನು ಸಿಸ್ಟರುಗಳ ಅನಾಥಾಲಯದಲ್ಲಿ ಬೆಳೆದವಳು, ನಮ್ಮ ಯಜಮಾನರು ಫಾದರುಗಳ ಬೋರ್ಡಿಂಗಿನಲ್ಲಿ. ಇಬ್ಬರಿಗೂ ಹಿಂದೆ ಮುಂದೆ ಯಾರೂ ಇಲ್ಲ. ನಮ್ಮ ಮದುವೆಯಲ್ಲಿ ಹುಡುಗನ ಕಡೆ, ಹುಡುಗಿಯ ಕಡೆ ಎಂದು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಅವರಿಗೆ ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ರಾಜಾಜಿನಗರಕ್ಕೆ ಬಂದೆವು. ಆಗಿನ್ನೂ ಅಲ್ಲೊಂದು ಇಲ್ಲೊಂದು ಮನೆ. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ. ಬೀದಿಯಲ್ಲಿ ಕ್ರಿಸ್ತರವರೆಂದರೆ ನಾವೊಬ್ಬರೇ. ಯಾರಾದರೂ ವಿಚಾರಿಸಿದರೆ, ನಮ್ಮ ಕಡೆಯವರೆಲ್ಲ ದೂರದ ಊರಿನಲ್ಲಿದ್ದಾರೆ ಎಂದು ಹೇಳಿ ಮಾತು ತೇಲಿಸುತ್ತಿದ್ದೆ. ಜನ ಅಯ್ಯೋ ಪಾಪ ಅನ್ನುವುದು ನನಗೆ ಮೊದಲಿಂದಲೂ ಆಗದು.

ಮಗು ಹುಟ್ಟಿದಾಗ ನಾನು ಅಳಲೂ ಇಲ್ಲ, ನಗಲೂ ಇಲ್ಲ. ಬೆಪ್ಪಾಗಿ ನೋಡುತ್ತಾ ಮಲಗಿದ್ದೆ. ಅದರ ಹುಬ್ಬು ನನ್ನದು. ಕನ್ನಡಿಯ ಹೊರಗೆ ನನ್ನ ಹುಬ್ಬನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ತಂಗಿ, ಚಿಕ್ಕಮ್ಮ ದೊಡ್ಡಮ್ಮಂದಿರ ನಡುವೆ ಬೆಳೆದವರಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗಲಾರದು. ನನ್ನಂತೆ ಕಾಣುವ ಇನ್ನೊಂದು ಜೀವ ಈ ಲೋಕದಲ್ಲಿದೆ! ದಿನವೂ ಹಾಲು ಕುಡಿಸುವಾಗ ಆ ಹುಬ್ಬನ್ನು ಬೆರಳಿನಿಂದ ಸವರುತ್ತಿದ್ದೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಇಂಥ ಮಗುವಿಗೆ ನಾವು ಏನು ಕೊಡುವುದು? ಬಂಗಾರವಲ್ಲ, ಬಟ್ಟೆಯಲ್ಲ. ಮುಂದೆ ಸ್ಕೂಲಿನಲ್ಲಿ ಬೇರೆ ಮಕ್ಕಳು ‘ನಮ್ಮನೇಲಿ ಹಬ್ಬಕ್ಕೆ ಹೀಗೆ ಮಾಡ್ತಾರೆ’ ಎಂದಾಗ ಇವಳಿಗೂ ಹೇಳಲು ಏನಾದರೂ ಇರಬೇಕು, ನನ್ನ ಹಾಗೆ ಬಾಯಿ ಮುಚ್ಚಿಕೊಂಡು ನಿಲ್ಲಬಾರದು. ಅಷ್ಟೇ ನನ್ನ ಹಟ.

ಯಜಮಾನರು ಬಹಳ ಯೋಚಿಸಿ ಒಂದು ಕ್ರಮ ಹೇಳಿದರು. “ಬೆಳಿಗ್ಗೆ ಗಂಟೆ ಹೊಡಿಯೋದು. ಸ್ನಾನ. ಆಮೇಲೆ ಸಾಲಾಗಿ ನಿಂತು ಪೂಜೆಗೆ ಹೊರಡೋದು.”

“ಇರೋರು ಎರಡೂವರೆ ಜನ. ಸಾಲು ಎಂಥದು ರೀ?”

“ಮತ್ತೆ ಮನೆಗಳಲ್ಲಿ ಏನ್ ಮಾಡ್ತಾರೆ, ನೀನೇ ಹೇಳು,” ಎಂದರು. ನನ್ನ ಅಡುಗೆಯೂ ಅದೇ ಕಥೆ. ಕೊಪ್ಪರಿಗೆಯಲ್ಲಿ ಸಾರು ಕುದಿಸಿ ಅಭ್ಯಾಸವಿದ್ದವಳು. ಇಬ್ಬರಿಗೆಂದು ಮಾಡಿದ್ದು ಬೀದಿಗೆಲ್ಲ ಆಗುತ್ತಿತ್ತು. ಅಂತೂ ಕಾನ್ವೆಂಟಿನಲ್ಲಿ ಕಂಡಂತೆ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದೆ. ಬಾಲಯೇಸುವನ್ನು ಮಲಗಿಸುವ ಗೋದಲಿಯ ಸುತ್ತ ಹಸಿರು ಹುಲ್ಲು ಬೇಕಲ್ಲ. ಯಜಮಾನರು ತಗಡು ಕತ್ತರಿಸಿ ನಕ್ಷತ್ರ ಮಾಡಿದರು. ಚೆನ್ನಾಗಿಯೇ ಇತ್ತು. ಆದರೂ ಅವೆಲ್ಲ ಸಿಸ್ಟರುಗಳದು, ಫಾದರುಗಳದು. ನಮ್ಮದು ಯಾವುದು?

ಕೇತಮಾರನಹಳ್ಳಿಯಿಂದ ನಮಗೆ ಎಮ್ಮೆ ಹಾಲು ತರುತ್ತಿದ್ದ ಅಜ್ಜಿಯೊಬ್ಬರು ಮಗುವಿಗೆ ನೀರೆರೆದು ಕೊಡುತ್ತಿದ್ದರು. ಬಾಯಿ ಜೋರು, ಕೈ ಮೆತ್ತಗೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಡಿಲು ತುಂಬ ಸೊಗಡಿನ ಅವರೆಕಾಯಿ ತಂದು ಸುರಿದು, ಬಚ್ಚಲಿನಲ್ಲಿ ಕಾಲು ನೀಡಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರು. ಎಣ್ಣೆ ತಿಕ್ಕುತ್ತಾ ಕೇಳಿದರು: “ನಿಮ್ಮ ಹಬ್ಬದಾಗೆ ಹಿರೇರಿಗೆ ಎಡೆ ಇಕ್ಕಾಕಿಲ್ವಾ?”

“ಇಲ್ಲಜ್ಜಿ.”

“ಅದೆಂಥ ಹಬ್ಬವೋ ಕಾಣೆ,” ಎಂದು ಮಗುವಿನ ಗದ್ದ ಎತ್ತಿ, ನಡುವೆ ಇದ್ದ ಗುಳಿಯೊಳಗೆ ಬೆರಳಿಟ್ಟರು. “ಇದ್ ಯಾರ್ದವ್ವಾ? ನಿಂಗಿಲ್ಲ, ನಿನ್ ಗಂಡಂಗಿಲ್ಲ. ನಿಮ್ಮವ್ವಂದೋ, ನಿಮ್ಮತ್ತೇದೋ?”

ಮಗು ಮೈಕೈ ತುಂಬಿಕೊಂಡ ಮೇಲೆ ಮೂಡಿದ ಗುಳಿ ಅದು. ಎಷ್ಟು ಸಲ ಮುತ್ತಿಟ್ಟಿದ್ದೆನೋ! ಆದರೆ ಎಲ್ಲಿಂದ ಬಂತು ಎಂದು ಕೇಳಿಕೊಂಡಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಗೊತ್ತಿಲ್ಲಜ್ಜಿ. ಇಬ್ಬರೂ ಹೆತ್ತವರ ಮುಖ ಕಂಡೋರಲ್ಲ,” ಎಂದೆ.

ಅಜ್ಜಿ ಅಯ್ಯೋ ಅನ್ನಲಿಲ್ಲ. “ಕಾಣ್ದಿದ್ರೆ ಏನಾಯ್ತು, ಇದ್ರು ತಾನೆ? ಗುಳಿ ಏನ್ ಆಕಾಸ್ದಿಂದ ಉದುರ್ತಾ? ಬಿಸ್ನೀರು ತತ್ತಾ ಇತ್ಲಾಗೆ,” ಎಂದು ಗದರಿದರು.

ನಾನು ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ. ಯಾರೋ ಒಬ್ಬರಿದ್ದರು. ಗದ್ದದಲ್ಲಿ ಗುಳಿಯಿದ್ದ ಒಬ್ಬ ಹೆಂಗಸೋ ಗಂಡಸೋ, ಯಾವುದೋ ಊರಿನಲ್ಲಿ, ಯಾವುದೋ ಕಾಲದಲ್ಲಿ. ಅವರು ನಕ್ಕಾಗ ಯಾರೋ ಆ ಗುಳಿಯನ್ನು ಮುದ್ದಿನಿಂದ ಮುಟ್ಟಿರಬೇಕು. ಅವರು ಹೋದರು, ಅವರ ಹೆಸರು ಹೋಯಿತು, ನಾವು ಒಬ್ಬೊಬ್ಬರು ಒಂದೊಂದು ಆಶ್ರಯದ ಗೇಟಿನ ಪಾಲಾದೆವು. ಇಷ್ಟೆಲ್ಲ ಆದರೂ ಆ ಗುಳಿ ದಾರಿ ತಪ್ಪದೆ ನಮ್ಮ ಬಚ್ಚಲುಮನೆಗೆ ಬಂದು ಸೇರಿತ್ತು. ನನಗೆ ಭಯವಾಯಿತು, ಗೋದಲಿಯ ಮುಂದೆ ಮೊಣಕಾಲೂರುವಾಗ ಆಗುವಂಥ ಭಯ. ಸೀಗೆಪುಡಿ ಕಣ್ಣಿಗೆ ಹೋಗಿ ಮಗು ಕಿರುಚಿಕೊಂಡ ಮೇಲೆಯೇ ನಾನು ನೀರು ಕೊಟ್ಟಿದ್ದು.

ಹೆತ್ತವರಿಗಾಗಿ ಪ್ರಾರ್ಥಿಸಿ ಎಂದು ಸಿಸ್ಟರುಗಳು ಹೇಳಿದಾಗಲೆಲ್ಲ ನಾನು ತುಟಿ ಬಿಗಿದುಕೊಳ್ಳುತ್ತಿದ್ದೆ. ಹಸುಗೂಸನ್ನು ಗೇಟಿನ ಬಳಿ ಬಿಟ್ಟು ಹೋದವಳಿಗೆ ಪ್ರಾರ್ಥನೆ ಬೇರೆ ಕೇಡು ಎಂಬ ಸಿಟ್ಟು. ಆ ದಿನವೂ ಸಿಟ್ಟು ಹೋಗಿತ್ತೆಂದಲ್ಲ. ಆದರೆ ಸಂಜೆ ಯಜಮಾನರಿಗೆ ಎಲ್ಲ ಹೇಳಿ, “ನಾಳೆ ಇನ್ನೊಂದು ಎಲೆ ಹಾಕ್ತೀನಿ ರೀ,” ಎಂದೆ.

“ಫಾದರ್ ಕೇಳಿದ್ರೆ?”

“ನೆಂಟರಿಗೆ ಅಂತ ಹೇಳಿ.”

ಮರುದಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಹಿತಕಿದ ಅವರೆಬೇಳೆ ಹಾಕಿ ಮಟನ್ ಸಾರು ಮಾಡಿದೆ. ಎಂದಿನಂತೆ ಅಳತೆ ಮೀರಿತ್ತು, ಅವತ್ತೊಂದು ದಿನ ಅದಕ್ಕೆ ಬೇಸರವಾಗಲಿಲ್ಲ. ನಮಗೆರಡು ಎಲೆ ಹಾಕಿ, ಎದುರಿಗೆ ಇನ್ನೊಂದು ಹಾಕಿ ಮೊದಲು ಅದಕ್ಕೇ ಬಡಿಸಿದೆ. ನಮ್ಮ ಮನೆಯಲ್ಲಿ ಇಂದಿಗೂ ಕ್ರಿಸ್‌ಮಸ್‌ಗೆ ಹಾಗೆಯೇ.

ಯಜಮಾನರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಊಟದ ಪ್ರಾರ್ಥನೆ ಶುರು ಮಾಡಿದರು. ಅವರಿಗೆ ಬರುತ್ತಿದ್ದುದು ಬೋರ್ಡಿಂಗಿನದು ಒಂದೇ: ಅನ್ನ ಕೊಟ್ಟ ದೇವರಿಗೆ, ಬಟ್ಟೆ ಕೊಟ್ಟ ದಾನಿಗಳಿಗೆ ಸ್ತೋತ್ರ. ದಾನಿಗಳು ಎಂಬ ಮಾತಿಗೆ ಬಂದು ಪ್ರಾರ್ಥನೆ ನಿಲ್ಲಿಸಿದರು. ಖಾಲಿ ಜಾಗದ ಮುಂದಿನ ಎಲೆಯನ್ನು ನೋಡಿದರು. ಮಗುವಿನ ಗದ್ದಕ್ಕೆ ಬೆರಳಿಟ್ಟು, “ಇದನ್ನ ಕೊಟ್ಟೋರಿಗೆ,” ಎಂದರು.

ನಾನು ಆಮೆನ್ ಎಂದೆ. ನನ್ನ ಅಮ್ಮನಿಗಾಗಿ ನಾನು ಹೇಳಿದ ಮೊದಲನೆಯ ಆಮೆನ್ ಅದು.