ನೀರಿನ ಟ್ಯಾಂಕಿನ ಹಿಂದಿನ ಮೂಲಂಗಿ

ಕುರುಬರಹಳ್ಳಿಯ ಹನುಮಕ್ಕನಿಗೆ ಸೊಸೆಯ ತಾರಸಿ ತೋಟ ಕಂಡರೆ ಮೈಯೆಲ್ಲ ಉರಿ. ತೋಟವಂತೆ ತೋಟ! ಪ್ಲಾಸ್ಟಿಕ್ ಚೀಲಕ್ಕೆ ತೆಂಗಿನ ನಾರಿನ ಪುಡಿ ತುಂಬುವುದು, ಒಂದು ಟೊಮೆಟೊ ಗಿಡ ನೆಡುವುದು, ಅದು ಕಾಯಿ ಬಿಟ್ಟ ದಿನ ಹೆತ್ತ ಮಗುವಿನ ಹಾಗೆ ಫೋಟೊ ತೆಗೆದು ಗ್ರೂಪಿಗೆಲ್ಲ ಕಳಿಸುವುದು. ಇದೇ ಜಾಗದಲ್ಲಿ, ಈ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಏಳುವ ಮುಂಚೆ, ಹನುಮಕ್ಕನ ಮನೆಯವರು ಕೋಸು, ಮೂಲಂಗಿ, ಕೊತ್ತಂಬರಿ ಬೆಳೆದು ಗಾಡಿಗಟ್ಟಲೆ ಮಾರ್ಕೆಟ್ಟಿಗೆ ಹೊಡೆದವರು. ಅಂಥವಳ ನೆತ್ತಿಯ ಮೇಲೆ ಈಗ ಚೀಲದ ಬೇಸಾಯ!

ಸೊಸೆ ಚೈತ್ರ ಕೆಟ್ಟವಳಲ್ಲ. ತೊಂದರೆಯೇ ಅದು. ಕೆಟ್ಟವಳಾಗಿದ್ದರೆ ಬೀದಿಗೆ ಕೇಳುವ ಹಾಗೆ ಜಗಳ ಆಡಿ ಗೆಲ್ಲಬಹುದಿತ್ತು. ಎರಡನೇ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತವಳಿಗೆ ಮೊಬೈಲಿನಲ್ಲಿ ಯಾವಳೋ ಪಾಠ ಮಾಡಿದಳಂತೆ, ಮಕ್ಕಳ ಮಧ್ಯಾಹ್ನದ ಊಟಕ್ಕೆ ಒಲೆ ಸೋಕಬಾರದು ಅಂತ. ಅಂದಿನಿಂದ ಆರು ವರ್ಷದ ಕೀರ್ತನಾ, ಅವಳ ಪುಟ್ಟ ತಂಗಿ ಮಿತ್ರಾ, ಇಬ್ಬರ ತಟ್ಟೆಯಲ್ಲೂ ತುರಿದ ಕ್ಯಾರೆಟ್ಟು, ಸೌತೆಕಾಯಿ, ಮೊಳಕೆ ಬಂದ ಹೆಸರುಕಾಳು.

"ಏನಮ್ಮಾ ಇದು, ಮೇಕೆಗೆ ಹಾಕೋ ಹಂಗೆ ಹಾಕಿದೀಯ?"

"ಅತ್ತೆ, ರಾಮನವಮಿಗೆ ನೀವೇ ಕೋಸಂಬರಿ ಮಾಡಲ್ವಾ? ಅದೂ ಹಸೀನೇ ತಾನೆ?"

"ಅದು ದೇವರ ಎಡೆಗೆ. ದೇವರಿಗೆ ಹೊಟ್ಟೆನೋವು ಬರಲ್ಲ."

ಮಗ ಭೈರೇಶನನ್ನು ಲೆಕ್ಕಕ್ಕೆ ಇಡುವುದೇ ಬೇಡ. ತಾಯಿಗೂ ಹೂಂ, ಹೆಂಡತಿಗೂ ಹೂಂ. ಕಾಮಾಕ್ಷಿಪಾಳ್ಯದಲ್ಲಿ ಅವನ ವರ್ಕ್‌ಶಾಪಿನ ಪಕ್ಕ ಒಂದು ದರ್ಶಿನಿ ಇದೆ, ಅಲ್ಲಿ ದೋಸೆ ತಿಂದು ಬಾಯಿ ಒರೆಸಿಕೊಂಡು ಬರುವ ಆಸಾಮಿ.

ಹಸಿ ಕ್ಯಾರೆಟ್ಟನ್ನು ಹನುಮಕ್ಕ ಹೇಗೋ ಸಹಿಸುತ್ತಿದ್ದಳು. ಹೊಟ್ಟೆ ಉರಿಸಿದ್ದು ಬೇರೆ. ಆ ಮನೆಯಲ್ಲಿ ಮಧ್ಯಾಹ್ನವಾದರೆ ಹಿರಿಯಳು ದೊಡ್ಡ ತಟ್ಟೆಯಲ್ಲಿ ಬಿಸಿ ಅನ್ನಕ್ಕೆ ಮಸ್ಸೊಪ್ಪು, ತುಪ್ಪ ಹಾಕಿ ಕಲಸಬೇಕು, ಮಕ್ಕಳು ಸುತ್ತ ಕೂತು ಅಂಗೈ ಚಾಚಬೇಕು, ಅವಳು ಒಬ್ಬೊಬ್ಬರ ಕೈಗೆ ತುತ್ತು ಇಡಬೇಕು. ಅತ್ತೆಯ ಕೈಯಿಂದ ಹನುಮಕ್ಕನ ಕೈಗೆ ಬಂದ ಪಟ್ಟ ಅದು. ಈಗ ಮೊಮ್ಮಕ್ಕಳಿಗೆ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಚಮಚ. ಅವಳ ಮುಂದೆ ಕೈ ಚಾಚುವವರೇ ಇಲ್ಲ. ಒಂದು ಸಲ ಆ ಮಕ್ಕಳು ತನ್ನ ಕೈತುತ್ತು ಬೇಡಿ ತಿನ್ನಬೇಕು ಅನ್ನುವುದೊಂದೇ ಅವಳಿಗೆ ಉಳಿದ ಆಸೆ.

ಕಾರ್ತಿಕದ ಒಂದು ಭಾನುವಾರ ಕಾಲ ಕೂಡಿ ಬಂತು. ಚಂದ್ರಾ ಲೇಔಟಿನಲ್ಲಿ ತಾರಸಿ ತೋಟದವರು ಒಬ್ಬರಿಗೊಬ್ಬರು ಬೀಜ ಕೊಟ್ಟುಕೊಳ್ಳುವ ಸಭೆಯಂತೆ, ಚೈತ್ರ ಹೊರಟಳು. ಮಕ್ಕಳ ಹಸಿ ಊಟ ಮುಚ್ಚಿಟ್ಟು, "ಇದೇ ಕೊಡಿ ಅತ್ತೆ" ಅಂತ ಹೇಳಿ ಹೋದಳು. ಗೇಟು ಹಾಕಿದ ಸದ್ದು ಕೇಳಿದ್ದೇ ತಡ, ಹನುಮಕ್ಕ ಮಂಡಿನೋವು ಮರೆತು ತಾರಸಿ ಹತ್ತಿದಳು. ಮಸ್ಸೊಪ್ಪಿಗೆ ಬೆರಕೆ ಸೊಪ್ಪು ಬೇಕಿತ್ತು. ಚೀಲಗಳಲ್ಲಿ ತಾನಾಗಿ ಹುಟ್ಟಿದ ಗೋಣಿಸೊಪ್ಪು, ಅಣ್ಣೆಸೊಪ್ಪನ್ನು ಸೊಸೆ ಕಳೆ ಅಂತ ಕಿತ್ತು ಎಸೆಯುತ್ತಿದ್ದಳು, ಮಂಕು ಮುಂಡೇದು. ಅದನ್ನೆಲ್ಲ ಆರಿಸಿ ಮಡಿಲಿಗೆ ಹಾಕಿಕೊಂಡಳು.

ನೀರಿನ ಟ್ಯಾಂಕಿನ ಹಿಂದೆ ಹಳೇ ಪೇಂಟ್ ಬಕೆಟ್ಟೊಂದರಲ್ಲಿ ಮೂಲಂಗಿ ಸಸಿ ಕಿಕ್ಕಿರಿದು ನಿಂತಿತ್ತು. ಹನುಮಕ್ಕನಿಗೆ ನಗು ತಡೆಯಲಾಗಲಿಲ್ಲ. ಥೂ, ಹಿಂಗೂ ಬಿತ್ತುತ್ತಾರಾ! ಇಷ್ಟು ಒತ್ತಾದರೆ ಈ ಜನ್ಮದಲ್ಲಿ ಗೆಡ್ಡೆ ಕಟ್ಟುವುದಿಲ್ಲ, ಎಲೆಯಾದರೂ ಸಾರಿಗಾಗಲಿ ಅಂತ ಬಕೆಟ್ಟು ಬೋಳಾಗುವವರೆಗೂ ಕಿತ್ತಳು. ಕೆಳಗಿಳಿದು ಬೇರು ಕತ್ತರಿಸಿ ಹಸಿ ಕಸದ ಡಬ್ಬಕ್ಕೆ ಹಾಕಿ, ಸೊಪ್ಪನ್ನು ತೊಗರಿಬೇಳೆಯ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಆ ಘಮಕ್ಕೆ ಮಕ್ಕಳು ಅಡುಗೆಮನೆಗೆ ಓಡಿ ಬಂದವು.

"ಅಜ್ಜಿ, ನಂಗೆ!" ಅಂತ ಕೀರ್ತನಾ ಅಂಗೈ ಚಾಚಿದಳು. ಪಕ್ಕದಲ್ಲೇ ಮಿತ್ರಾಳ ಪುಟ್ಟ ಕೈ. ಹನುಮಕ್ಕನ ಜೀವ ತಂಪಾಯಿತು. ಮುಚ್ಚಿಟ್ಟ ಕ್ಯಾರೆಟ್ಟಿನ ಕಡೆ ಒಮ್ಮೆ ನೋಡಿ ಮೂಗು ಮುರಿದು, ಇನ್ನೊಂದು ತುತ್ತು ಇಟ್ಟಳು.

ಉಂಡ ಕೈ ತೊಳೆದು ಕೀರ್ತನಾ ಗಿಡಕ್ಕೆ ನೀರು ಹಾಕಲು ಮೇಲೆ ಹೋದಳು. ಬರಿದಾದ ಬಕೆಟ್ಟು ಎಳೆದುಕೊಂಡು ಇಳಿದು ಬಂದಳು.

"ನನ್ನ ಮೂಲಂಗಿ ಎಲ್ಲಿ ಅಜ್ಜಿ?"

"ನಿನ್ನ ಹೊಟ್ಟೇಲೇ ಇದೆ ಕಣೇ!" ಅಂತ ಹನುಮಕ್ಕ ನಕ್ಕಳು.

"ಅದು ನಿಂಗೆ ಬೆಳೆಸ್ತಾ ಇದ್ದೆ. ನೀನೇ ಹೇಳಿದ್ಯಲ್ಲ, ಹೊಲದಲ್ಲಿ ಕಿತ್ತು ಸೆರಗಲ್ಲಿ ಒರೆಸ್ಕೊಂಡು ಹಂಗೇ ಕಡೀತಿದ್ದೆ ಅಂತ. ಈಗ ಎಲ್ಲಾ ಬೇಯ್ಸಿಬಿಟ್ಟೆ." ತುಟಿ ಅದುರಿ ಅಳು ಒಡೆಯಿತು. "ನಿನ್ ಕೈತುತ್ತು ನಂಗಿನ್ನು ಬೇಡ. ಯಾವತ್ತೂ ಬೇಡ."



ಚೈತ್ರ ಬಂದವಳು ಎಲ್ಲ ಕೇಳಿಸಿಕೊಂಡು ಮಗಳನ್ನು ಎತ್ತಿಕೊಂಡಳು. "ಇವಳು ಬೀಜದ ಪ್ಯಾಕೆಟ್ ಪೂರ್ತಿ ಸುರಿದಿದ್ದಳು, ಅತ್ತೆ. ಗೆಡ್ಡೆ ಬರ್ತಿರಲಿಲ್ಲ, ನಂಗೂ ಗೊತ್ತಿತ್ತು. ಬೇಜಾರಾಗ್ತಾಳೆ ಅಂತ ಹೇಳಿರಲಿಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ." ಅವಳು ಬೈದಿದ್ದರೆ ಎಷ್ಟೋ ವಾಸಿ. ಈ ಕರುಣೆ ಯಾರಿಗೆ ಬೇಕಿತ್ತು!

ಹನುಮಕ್ಕ ಎದ್ದು ಹೋಗಿ ಹಸಿ ಕಸದ ಡಬ್ಬಕ್ಕೆ ಕೈ ಹಾಕಿದಳು. ಬೇರುಗಳಲ್ಲಿ ಸ್ವಲ್ಪ ದಪ್ಪಗಿದ್ದವನ್ನು ಹುಡುಕಿ ಹುಡುಕಿ ತೆಗೆದಳು, ಒಂದೂ ಕಿರುಬೆರಳಿನಷ್ಟಿರಲಿಲ್ಲ. ತೊಳೆದು, ಒಂದನ್ನು ಸೆರಗಿನಲ್ಲಿ ಒರೆಸಿ ಬಾಯಿಗಿಟ್ಟಳು. ಮದುವೆ ಮನೆಗೆ ಮಾತ್ರ ಹಾಕುವ ಹಲ್ಲುಸೆಟ್ಟು ಡಬ್ಬಿಯಲ್ಲಿತ್ತು. ಬರೀ ವಸಡಿನಲ್ಲಿ ಒತ್ತಿದರೆ ಖಾರ ಏರಿತೇ ಹೊರತು ಬೇರು ಮುರಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಖಾರಕ್ಕೇ ಅಂತ ಇಟ್ಟುಕೊಳ್ಳಿ.

ಅಮ್ಮನ ಸೊಂಟದಿಂದ ಇಳಿದು ಕೀರ್ತನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕಡಿಯಕ್ಕೆ ಬರಲ್ವಾ?"

"ಹಲ್ಲೆಲ್ಲಿದೆ ಕಣೇ ನಂಗೆ?"

ಹುಡುಗಿ ಮೂಗು ಒರೆಸಿಕೊಂಡು ಅಮ್ಮನ ತುರಿಮಣೆ ಕೇಳಿ ತಂದಳು. ಚೈತ್ರ ಅವಳ ಕೈ ಹಿಡಿದು ಆ ಬೇರುಗಳನ್ನು ತುರಿಸಿದಳು. ಒಂದು ಹಿಡಿಯೂ ಆಗಲಿಲ್ಲ. ಕೀರ್ತನಾ ಅದರಲ್ಲಿ ಚೂರನ್ನು ಬೆರಳಲ್ಲಿ ಉಂಡೆ ಮಾಡಿ, ಅಜ್ಜಿಯ ಮುಂದೆ ಮಂಡಿಯೂರಿ ಕೂತು, ಮುಖ ಗಂಟು ಹಾಕಿಕೊಂಡೇ ಕಾದಳು. ಹನುಮಕ್ಕ ಅಂಗೈ ಚಾಚಿದಳು. ತುತ್ತು ಬಿತ್ತು. ಬಾಯಿಗೆ ಹಾಕಿ ಬಹಳ ಹೊತ್ತು ಚಪ್ಪರಿಸಿದಳು.

"ಉಪ್ಪೇ ಇಲ್ಲವಲ್ಲೇ ಇದಕ್ಕೆ," ಅಂತ ಮುಖ ಸಿಂಡರಿಸಿದಳು. "ನಿಮ್ಮಮ್ಮಂಗೆ ಅಡುಗೆ ಮಾಡಕ್ಕೂ ಬರಲ್ಲ, ಮಾಡದೆ ಇರಕ್ಕೂ ಬರಲ್ಲ."

ಹಾಗಂದು, ಮತ್ತೆ ಕೈ ಚಾಚಿದಳು.